ಅಡಿಕೆ ತಿಂದ ಫಿಯಟ್

ಬಾಗಲಗುಂಟೆಯ ಚಿಕ್ಕಬೈರಪ್ಪನಿಗೆ ಕಾರಿನ ಹುಚ್ಚು ಅಂದರೆ ಅಷ್ಟು ಸರಿಯಾಗುವುದಿಲ್ಲ. ಕಾರಿನ ಹುಚ್ಚಿರುವವರು ಕಾರು ತೊಳೆಯುತ್ತಾರೆ, ಒರೆಸುತ್ತಾರೆ, ಹೆಂಡತಿಯನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗುತ್ತಾರೆ. ಇವನ ಹಳೇ ಫಿಯಟ್ಟಿನ ಮೇಲೆ ಕೋಳಿ ಮಲಗುತ್ತಿತ್ತು. ಹುಚ್ಚೆಲ್ಲ ಬಾನೆಟ್ಟಿನ ಕೆಳಗೆ.

ಪೀಣ್ಯದ ಒಂದು ರೀಬೋರಿಂಗ್ ಶೆಡ್ಡಿನಲ್ಲಿ ಅವನಿಗೆ ಕೆಲಸ. ಹಗಲೆಲ್ಲ ಲಾರಿ ಎಂಜಿನ್ನುಗಳನ್ನು ಬಿಚ್ಚಿ, ಕೊರೆದು, ಉಜ್ಜಿ ಕಳಿಸುವುದು. ಸಂಜೆ ಮನೆಗೆ ಬಂದು ತನ್ನದನ್ನು ಬಿಚ್ಚುವುದು. ಎಂಬತ್ತರ ಆಸುಪಾಸಿನ ಮಾತು. ಊರಾಚೆ ಪಾಳುಬಿದ್ದ ವಿಮಾನಪಟ್ಟಿಯೊಂದರಲ್ಲಿ ವರ್ಷಕ್ಕೊಮ್ಮೆ ಕಾರ್ ರೇಸು ನಡೆಯುತ್ತಿತ್ತು. ಅದರಲ್ಲಿ ಟೂರಿಂಗ್ ಕಾರುಗಳದೇ ಒಂದು ವರ್ಗ. ರಸ್ತೆಯಲ್ಲಿ ಓಡಾಡುವ ಕಾರೇ ಆಗಬೇಕು. ಸೀಟು, ಗಾಜು, ಬಾಗಿಲು ಇದ್ದ ಹಾಗೇ ಇರಬೇಕು. ಎಂಜಿನ್ನನ್ನು ಮಾತ್ರ ನಿಯಮದೊಳಗೆ ಎಷ್ಟು ಬೇಕಾದರೂ ಹುರಿಗೊಳಿಸಬಹುದು. ಈ ಸುದ್ದಿ ಕಿವಿಗೆ ಬಿದ್ದ ದಿನ ಚಿಕ್ಕಬೈರಪ್ಪ ಅರ್ಧ ಊಟಕ್ಕೇ ಎದ್ದ. ಸಾರು ಸಪ್ಪೆಯಾಗಿತ್ತೇನೋ ಎಂದುಕೊಂಡ ಹೆಂಡತಿ ಅಶ್ವತ್ಥಮ್ಮ ಮಾರನೇ ದಿನ ಉಪ್ಪು ಜಾಸ್ತಿ ಹಾಕಿದಳು.

ಅವನಿಗೆ ಕಪ್ಪು ಗೆಲ್ಲುವ ಆಸೆಯೇನೂ ಇರಲಿಲ್ಲ. ತಾನು ಕಟ್ಟಿದ ಎಂಜಿನ್ನು, ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಾಗ ಹೇಗೆ ಕೂಗುತ್ತದೆ ಎಂದು ಒಂದೇ ಒಂದು ಸಲ ಕೇಳಬೇಕಿತ್ತು, ಅಷ್ಟೆ. ತುಮಕೂರು ರಸ್ತೆಯಲ್ಲಿ ತೀರುವ ಆಸೆಯಲ್ಲ ಅದು. ಎರಡನೇ ಗೇರು ದಾಟುವಷ್ಟರಲ್ಲಿ ಲಾರಿ, ಎಮ್ಮೆ, ಇಲ್ಲವೇ ಪೊಲೀಸು. ಸಾಲದ್ದಕ್ಕೆ, ಇಷ್ಟು ಹಳೆಯ ಮಾಡೆಲನ್ನು ಬರುವ ವರ್ಷದಿಂದ ಸೇರಿಸುವುದಿಲ್ಲವೆಂದು ರೇಸಿನವರು ಖಂಡತುಂಡವಾಗಿ ಹೇಳಿಬಿಟ್ಟಿದ್ದರು. ಕೇಳಿದರೆ ಈ ಸಲ ಕೇಳಬೇಕು.

ಎರಡು ವರ್ಷ ಅವನು ಅದರ ಹಿಂದೆಯೇ ಬಿದ್ದಿದ್ದ. ಒತ್ತಡ ಹೆಚ್ಚಲೆಂದು ಎಂಜಿನ್ನಿನ ಹೆಡ್ಡನ್ನು, ಅಂದರೆ ಮೇಲಿನ ಮುಚ್ಚಳವನ್ನು, ಉಜ್ಜಿ ಉಜ್ಜಿ ತೆಳ್ಳಗೆ ಮಾಡಿದ. ಮೇಲೆ ಬರುವ ಪಿಸ್ಟನ್ನಿಗೂ ಕೆಳಗಿಳಿದು ಗಾಳಿ ಬಿಡುವ ವಾಲ್ವಿಗೂ ನಡುವೆ ಒಂದು ಕಾಗದ ತೂರಿದರೆ ಹೆಚ್ಚು. ಗಾಳಿ ಹೋಗುವ ದಾರಿಯನ್ನು ಮುಖ ಕಾಣುವ ಹಾಗೆ ಪಾಲಿಶ್ ಮಾಡಿದ. ಕಾರ್ಬುರೇಟರ್ ಎರಡಾದವು. ಗಾಳಿ ಸಲೀಸಾಗಿ ಒಳನುಗ್ಗಲೆಂದು ಏರ್ ಫಿಲ್ಟರನ್ನು ಕಿತ್ತೆಸೆದು, ಭಾಮೈದ ನಂಜಪ್ಪ ಲೇತಿನಲ್ಲಿ ಕಡೆದುಕೊಟ್ಟ ಎರಡು ಹಿತ್ತಾಳೆ ತುತ್ತೂರಿಗಳನ್ನು ಅವುಗಳ ಮೇಲೆ ಕೂರಿಸಿದ.

"ಬಾವ, ಓಡೋದೇನೋ ಓಡ್ತದೆ. ನಿಲ್ಸೋದು ಎಂಗೆ?" ಎಂದು ನಂಜಪ್ಪ ಕೇಳಿದ್ದುಂಟು.

"ಮೊದ್ಲು ಓಡ್ಲಿ, ಸುಮ್ಕಿರೋ."

ರೇಸು ಭಾನುವಾರ. ಅದಕ್ಕೆ ಎರಡು ದಿನ ಮುಂಚೆ, ಶುಕ್ರವಾರ, ಆಯುಧಪೂಜೆ ಬಂತು. ಮನೆಯಲ್ಲಿದ್ದ ಸ್ಪ್ಯಾನರು, ಸುತ್ತಿಗೆ, ಮಚ್ಚು, ಕುಡುಗೋಲುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತವು. ಆ ಮನೆಯಲ್ಲಿ ಅದಕ್ಕೊಂದು ಕಟ್ಟುನಿಟ್ಟು. ಪೂಜೆಗಿಟ್ಟದ್ದನ್ನು ವಿಜಯದಶಮಿ ಕಳೆದ ಮೇಲೆ ಅಶ್ವತ್ಥಮ್ಮನೇ ಕದಲಿಸಬೇಕು, ಅಂದರೆ ಚೂರು ಜರುಗಿಸಿ ಪೂಜೆ ಮುಗಿಯಿತು ಅನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಹಿಂದೊಮ್ಮೆ ಸ್ಕ್ರೂಡ್ರೈವರ್ ಮುಟ್ಟಿದ ಸ್ವಂತ ತಮ್ಮನಿಗೇ ಅವಳು ಒಬ್ಬಟ್ಟು ಬಡಿಸಿರಲಿಲ್ಲ.

ಚಿಕ್ಕಬೈರಪ್ಪ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ನಂಜಪ್ಪ ಬೂದುಗುಂಬಳ ಹಿಡಿದು ನಿಂತಿದ್ದ. ಅಶ್ವತ್ಥಮ್ಮ ಎಂಜಿನ್ನಿಗೆ ಅರಿಶಿನ ಕುಂಕುಮ ಇಟ್ಟಳು, ಹೂ ಮುಡಿಸಿದಳು. ಫಳಫಳ ಹೊಳೆಯುವ ಹಿತ್ತಾಳೆಯ ಎರಡು ಬಾಯಿ ಮೇಲಕ್ಕೆ ತೆರೆದುಕೊಂಡಿದ್ದವು. ಬಾಯಿ ತೆರೆದವರನ್ನು ಬರಿದೇ ಕಳಿಸಿ ಗೊತ್ತಿಲ್ಲದ ಹೆಂಗಸು. ಎರಡಕ್ಕೂ ನಾಲ್ಕು ಕಾಳು ಅಕ್ಷತೆ, ಒಂದೊಂದು ಚೂರು ಅಡಿಕೆ ಹಾಕಿ ಕೈಮುಗಿದಳು.

ಚಿಕ್ಕಬೈರಪ್ಪ ಸ್ಟಾರ್ಟ್ ಮಾಡಿ, ಖುಷಿಗೆ ಆಕ್ಸಿಲರೇಟರನ್ನು ಒಂದು ಸಲ ಒತ್ತಿದ. ಟಕ್ ಎಂದಿತು. ಟಕಟಕ ಎಂದಿತು. ನಿಂತಿತು.

"ಬಾಯೊಳಕ್ಕೆ ಏನಾರ ಆಕ್ದೇನೆ?"

"ಅಕ್ಷತೆ. ಚೂರು ಅಡ್ಕೆ. ಯಾಕೆ?"

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲಿಲ್ಲ, ಹೋಗಿ ಜಗಲಿಯ ಮೇಲೆ ಕೂತ. ಅಡಿಕೆ ವಾಲ್ವಿಗೆ ಸಿಕ್ಕಿ, ಮುಚ್ಚದ ವಾಲ್ವಿಗೆ ಪಿಸ್ಟನ್ ಬಡಿದು, ವಾಲ್ವು ಬಾಗಿದೆ ಎಂದು ಸದ್ದಿನಲ್ಲೇ ಗೊತ್ತಾಗಿತ್ತು. ಕಂಪನಿಯಿಂದ ಬಂದ ಹಾಗೇ ಇದ್ದಿದ್ದರೆ ಆ ಎಂಜಿನ್ನು ಅಡಿಕೆಯನ್ನು ಅಗಿದು ಉಗಿದು ಸುಮ್ಮನಾಗುತ್ತಿತ್ತೋ ಏನೋ. ಅಗಿಯಲು ಜಾಗವಿಲ್ಲದಂತೆ ಮಾಡಿದವನು ತಾನೇ. ಯಾರನ್ನು ಬೈಯುವುದು?

ಅಷ್ಟರಲ್ಲಿ ನಂಜಪ್ಪ ಯಾವುದೋ ಟ್ಯಾಕ್ಸಿಯ ಹಳೇ ಹೆಡ್ಡಿನಿಂದ ಒಳ್ಳೆಯ ವಾಲ್ವುಗಳನ್ನು ಹುಡುಕಿ ತಂದ. ತಂದು ಏನು ಬಂತು? ಸ್ಪ್ಯಾನರು ಮಣೆಯ ಮೇಲಿತ್ತು. ದಶಮಿ ಕಳೆಯುವ ಹೊತ್ತಿಗೆ ರೇಸಿನ ಬೆಳಗಾಗುತ್ತಿತ್ತು. ಶೆಡ್ಡಿಗೂ ಅವತ್ತು ಪೂಜೆ, ಬೀಗ.

ಒಬ್ಬಟ್ಟಿಗೆ ಕರೆಯಲು ಬಂದ ಅಶ್ವತ್ಥಮ್ಮನಿಗೆ ಕಂಡದ್ದು, ಗ್ರೀಸಿನ ಬಟ್ಟೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಗಂಡ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ಅವಳು ನೋಡಿರಲಿಲ್ಲ. ಸೀದಾ ಒಳಗೆ ಹೋಗಿ ಮಣೆಯ ಮುಂದೆ ಕೂತು, ದೊಡ್ಡ ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ಪಕ್ಕಕ್ಕೆ ಜರುಗಿಸಿದಳು.

"ಕದಲ್ಸಿವ್ನಿ. ಎತ್ಕೊಳ್ಳಿ," ಎಂದಳು.

"ದಶ್ಮಿ ನಾಳೆ ಕಣೆ!"

"ನಂಗೊತ್ತಿಲ್ವಾ? ಅಡ್ಕೆ ಆಕ್ದೋಳು ನಾನು. ದೇವ್ರತ್ರ ನಾನೇ ಮಾತಾಡ್ಕೊತೀನಿ. ನೀವು ಏಳಿ ಮೇಲೆ."

ಶನಿವಾರ ಸಂಜೆಗೆ ಎಂಜಿನ್ನು ಮತ್ತೆ ಉಸಿರಾಡಿತು. ತುತ್ತೂರಿಗಳ ಹತ್ತಿರ ಅಶ್ವತ್ಥಮ್ಮ ಸುಳಿಯಲಿಲ್ಲ.

ಭಾನುವಾರ ಬಾವುಟ ಬಿದ್ದಾಗ ಚಿಕ್ಕಬೈರಪ್ಪ ಎಲ್ಲರಿಗಿಂತ ಹಿಂದಿದ್ದ. ತಲೆ ಕೆಡಿಸಿಕೊಳ್ಳಲಿಲ್ಲ. ತಿರುವು ಮುಗಿದು ವಿಮಾನಪಟ್ಟಿ ನೆಟ್ಟಗೆ ಬಿದ್ದುಕೊಂಡಿದ್ದು ಕಂಡದ್ದೇ, ಕಾಲನ್ನು ನೆಲಕ್ಕೆ ಒತ್ತಿದ. ಮೊದಲು ಗುರ್ರೆಂದಿತು. ಆಮೇಲೆ ತುತ್ತೂರಿಗಳೆರಡೂ ಒಟ್ಟಿಗೆ ಬಾಯಿ ಬಿಟ್ಟವು. ಅಬ್ಬಾ, ಅದೇನು ಕೂಗು! ಲಾರಿಯಿಲ್ಲ, ಎಮ್ಮೆಯಿಲ್ಲ. ಚಿಕ್ಕಬೈರಪ್ಪನೂ ಒಳಗೆ ಕೂತು ಗಂಟಲು ಹರಿಯುವ ಹಾಗೆ ಕೂಗಿದ. ಮುಂದಿದ್ದ ಕಾರೊಂದು ಹಿಂದಾಯಿತು, ಇನ್ನೊಂದೂ ಹಿಂದಾಯಿತು. ಪಟ್ಟಿ ಮುಗಿಯಿತು. ಫಿಯಟ್ಟು ಮುಗಿಯಲಿಲ್ಲ. ಅವನು ಬ್ರೇಕಿನ ಮೇಲೆ ಎದ್ದು ನಿಂತರೂ ಅದು ಸಾಲಾಗಿ ಒಟ್ಟಿದ್ದ ಹುಲ್ಲಿನ ಪಿಂಡಿಗಳೊಳಕ್ಕೆ ನುಗ್ಗಿಯೇ ನಿಂತಿತು.

ರೇಸು ನೋಡಲು ಬಂದಿದ್ದ ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಗಂಡನ ಕೈಕಾಲು ಮುಟ್ಟಿ ನೋಡಿದಳು. ಎಲ್ಲ ಇದ್ದಲ್ಲೇ ಇದ್ದವು. ಅವನ ಕಣ್ಣಲ್ಲಿ ಮತ್ತೆ ನೀರು.

"ಕೇಳುಸ್ತಾ?" ಎಂದಳು.

"ಕೇಳುಸ್ತು ಕಣೆ. ಸಾಕು ನಂಗೆ."

ಅವಳು ಅವನ ತಲೆಯಿಂದ ಹುಲ್ಲು ಆರಿಸತೊಡಗಿದಳು.

"ನಂದೇ ತಪ್ಪು," ಎಂದಳು. "ಪೂಜೆ ಇಂಜಿನ್‌ಗೊಂದೇ ಮಾಡ್ದೆ. ಬ್ರೇಕು ಮರ್ತೇ ಓಯ್ತು."

ಚಿಕ್ಕಬೈರಪ್ಪ ತನ್ನ ಎರಡು ವರ್ಷವನ್ನು ಒಂದು ಗಳಿಗೆ ನೆನೆದ.

"ನಂಗೂ," ಎಂದ.