ಮೌನಪ್ಪನ ಮೇಲಿಗೆ ಹೊಸ ವಿಳಾಸ

ತಿಂಥಣಿ ಮೌನೇಶ್ವರನಿಗೆ ಹರಕೆ ಹೊತ್ತು ಪಡೆದ ಮಗನೆಂದು ಬಾಲಮ್ಮ ಅವನಿಗೆ ಮೌನಪ್ಪ ಎಂದು ಹೆಸರಿಟ್ಟಳು. ದೇವರು ಮಗನನ್ನು ಕೊಟ್ಟ, ಮೌನವನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡ. ರಂಗಂಪೇಟೆಯ ಚಹಾದಂಗಡಿಯಲ್ಲಿ ಮೌನಪ್ಪ ಕೂತನೆಂದರೆ ಉಳಿದವರು ತಮ್ಮ ಮಾತನ್ನು ನಾಳೆಗೆ ಎತ್ತಿಡಬೇಕು. ಮೂವತ್ತೆರಡು ವರ್ಷ ಅವನು ಶಹಾಪುರದ ಕಡೆಗೆ ಹೋಗುವ ಕಾಲುವೆಯ ಗೇಟಿನಲ್ಲಿ ನೀರಿನ ಮಟ್ಟ ಬರೆದುಕೊಳ್ಳುವ ಕೆಲಸ ಮಾಡಿದ. ಕಲ್ಲಿನ ಮೇಲೆ ಬಳಿದ ಗೆರೆ ನೋಡುವುದು, ನೀರು ಎಷ್ಟು ಅಡಿ ಇದೆ ಎಂದು ದಿನಕ್ಕೆ ಮೂರು ಸಲ ಕಚೇರಿಗೆ ತಿಳಿಸುವುದು. ಅಲ್ಲಿ ಮಾತಾಡಲು ನೀರು ಬಿಟ್ಟರೆ ಯಾರೂ ಇರಲಿಲ್ಲ. ಆ ಬಾಕಿಯನ್ನೆಲ್ಲ ಈಗ ಊರಿನವರ ಮೇಲೆ ತೀರಿಸಿಕೊಳ್ಳುತ್ತಾನೆ ಎಂದು ಹೆಂಡತಿ ಚಂದಮ್ಮ ಹೇಳುತ್ತಾಳೆ.

ಅವನು ನಿವೃತ್ತನಾಗಿ ಎರಡು ವರ್ಷವಾಗಿತ್ತು. ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಪಹಣಿ ತೆಗೆಸಲೆಂದು ಗೌಹರಬೇಗಂಳ ಕಂಪ್ಯೂಟರ್ ಅಂಗಡಿಗೆ ಹೋದಾಗ ಅವಳು ಅವನ ಇ-ಮೇಲ್ ತೆರೆದು, ಇಂಗ್ಲಿಷಿನಲ್ಲಿದ್ದ ಒಂದು ಪತ್ರ ಓದಿ ಹುಬ್ಬು ಗಂಟಿಕ್ಕಿದಳು.

"ಕಾಕಾ, ನಿಮ್ಮ ಮೇಲ್ ಕಂಪನಿ ಬಂದ್ ಆಗಾಕತ್ತದ್ರಿ. ಜೂನ್ ಹದಿನೈದಕ್ಕ ಬೀಗ ಹಾಕ್ತಾರಂತ. ಅಷ್ಟರಾಗ ನಿಮ್ಮ ಸಾಮಾನು ತಗೊಂಡು ಹೋಗ್ರಿ ಅಂತ ಬರದಾರ."

"ನನ್ನ ಹಣೇಬರದಾಗ ಬರೇ ನೋಟಿಸೇ ಬರದಾವೇನ್ ತಂಗಿ?" ಎಂದ ಮೌನಪ್ಪ.

ಹಾಗೆ ಹೇಳಲು ಅವನಿಗೆ ಹಕ್ಕಿತ್ತು. ಅವನು ಹುಟ್ಟಿದ ಊರು ಕೃಷ್ಣೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಅಲ್ಲಿಗೂ ಹೀಗೆಯೇ ತಾರೀಖು ಹಾಕಿದ ನೋಟಿಸು ಬಂದಿತ್ತು. ಈಗ ಅದು ನೀರಿನ ಕೆಳಗಿದೆ, ಎಲ್ಲರೂ ಅದನ್ನು ಹಳೇ ಊರು ಎನ್ನುತ್ತಾರೆ. ಊರು ಮುಳುಗಿಸಿದ ನೀರೇ ಮುಂದೆ ಕಾಲುವೆಯಾಗಿ ಹರಿದು ಮೌನಪ್ಪನಿಗೆ ನೌಕರಿ ಕೊಟ್ಟಿತು. ಅದನ್ನು ಬೈಯಬೇಕೋ ಕೈಮುಗಿಯಬೇಕೋ ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಬೇರೆಯವರಾಗಿದ್ದರೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗುತ್ತಿದ್ದರು. ಮೌನಪ್ಪನಿಗೆ ಬ್ಯಾಂಕಿನದೂ ಪಿಂಚಣಿಯದೂ ಎಲ್ಲ ಫೋನಿಗೇ ಬರುತ್ತದೆ. ಆದರೆ ಆ ಮೇಲಿಗೆ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಅದು ಭಾಗಣ್ಣನದು.

ಭಾಗಣ್ಣ ಹಳೇ ಊರಿನ ಗೆಳೆಯ. ಹೆತ್ತ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಬಾಲಮ್ಮನ ಕೈತುತ್ತು ಉಂಡು ಬೆಳೆದವನು. ಅವಳನ್ನೇ ಅವ್ವ ಎನ್ನುತ್ತಿದ್ದ. ಊರು ಬಿಡುವಾಗ ಅವನ ಕಾಕಾ ಅವನನ್ನು ಎಲ್ಲಿಗೆ ಕರೆದೊಯ್ದನೆಂದು ಯಾರಿಗೂ ತಿಳಿಯಲಿಲ್ಲ. ಇಪ್ಪತ್ತು ವರ್ಷ ದಾಟಿದ ಮೇಲೆ ಒಂದು ದಿನ, ಪರಿಹಾರದ ಕಾಗದಪತ್ರಕ್ಕೆಂದು ಬಂದವನು ಸುರಪುರದ ಬಸ್ ನಿಲ್ದಾಣದಲ್ಲಿ ಸಿಕ್ಕ. ರತ್ನಾಗಿರಿಯ ಕಡೆ ಸಮುದ್ರದಲ್ಲಿ ಮೀನಿನ ಬೋಟಿಗೆ ಹೋಗುತ್ತಿದ್ದನಂತೆ. ಮಾತು ಮುಗಿಯುವ ಮೊದಲೇ ಬಸ್ಸು ಹೊರಟಿತು. ಮೌನಪ್ಪ ಗಡಿಬಿಡಿಯಲ್ಲಿ ಚೀಟಿಯ ಮೇಲೆ ಬರೆದುಕೊಟ್ಟದ್ದು ಮನೆಯ ವಿಳಾಸವಲ್ಲ, ಇ-ಮೇಲ್ ವಿಳಾಸ! ಆಗಷ್ಟೇ ಇಲಾಖೆಯ ಇಂಜಿನಿಯರೊಬ್ಬರು ಅವನಿಗೆ ಮೇಲ್ ಮಾಡಿಕೊಟ್ಟು ಮೂರು ತಿಂಗಳಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.

ಆ ವರ್ಷದಿಂದ ಪ್ರತಿ ಕಾರ ಹುಣ್ಣಿಮೆಗೆ ಭಾಗಣ್ಣನ ಕಾಗದ ತಪ್ಪಲಿಲ್ಲ. ಮಳೆಗಾಲಕ್ಕೆ ಬೋಟುಗಳು ದಂಡೆಗೆ ಬಂದಿರುತ್ತವೆ, ಕೈಗೆ ಬಿಡುವಿರುತ್ತದೆ. ಯಾವುದೋ ಕಂಪ್ಯೂಟರ್ ಅಂಗಡಿಯಲ್ಲೋ ಐಸ್ ಫ್ಯಾಕ್ಟರಿಯ ಆಫೀಸಿನಲ್ಲೋ ಕೂತು ಬಾಯಲ್ಲಿ ಹೇಳುತ್ತಾನೆ, ಅಲ್ಲಿಯ ಮರಾಠಿ ಮನುಷ್ಯ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಾನೆ. ಓದಿದರೆ ನಾಲಿಗೆ ಉಳುಕಬೇಕು. "ನಾ ಆರಾಮದೀನಿ. ಅವ್ವ ಹ್ಯಾಂಗದಾಳ? ಈ ಸಲ ಕರಿ ಯಾವ ಎತ್ತು ಹರೀತು, ಬಿಳೇದೋ ಕೆಂದೋ?" ಹುಣ್ಣಿಮೆಯ ಸಂಜೆ ಹಗ್ಗ ಹರಿಯಲು ಓಡಿಸುವ ಎತ್ತುಗಳ ಸುದ್ದಿ ಅವನಿಗೆ ಸಮುದ್ರದ ದಂಡೆಯಲ್ಲೂ ಬೇಕು.

ಮೌನಪ್ಪ ಪ್ರತಿ ಸಲವೂ ಎರಡು ಪುಟ ಉತ್ತರ ಬರೆಸುತ್ತಿದ್ದ. ಆದರೆ ಕೇಳಿದ್ದಕ್ಕೆ ಉತ್ತರ ಕೊಡುವ ಜಾಯಮಾನ ಭಾಗಣ್ಣನದಲ್ಲ. ಮಕ್ಕಳೆಷ್ಟು ಎಂದು ಕೇಳಿದರೆ ಹೇಳಲಿಲ್ಲ. ಫೋನ್ ನಂಬರ್ ಕಳಿಸು ಎಂದರೆ ಕಳಿಸಲಿಲ್ಲ. ಇದನ್ನೆಲ್ಲ ಸಹಿಸಬಹುದಿತ್ತು. ಆರು ವರ್ಷದ ಹಿಂದೆ ಬಾಲಮ್ಮ ತೀರಿಕೊಂಡಾಗ ಮೌನಪ್ಪ ಅಳುತ್ತಾ ಕಾಗದ ಬರೆಸಿದ್ದ. ಮರುವರ್ಷ ಬಂದ ಕಾಗದದಲ್ಲಿ ಮತ್ತೆ ಅದೇ ಸಾಲು, "ಅವ್ವ ಹ್ಯಾಂಗದಾಳ?" ಮೌನಪ್ಪನಿಗೆ ಎದೆಗೆ ಒದ್ದಂತಾಯಿತು. ಇಂಥ ಕಲ್ಲೆದೆಯವನಿಗೆ ಬರೆದೇನು ಫಲ ಎಂದುಕೊಂಡ, ಆದರೂ ಬರೆದ. ಜಗಳಾಡಲಿಕ್ಕಾದರೂ ಹಳೇ ಊರಿನ ಒಬ್ಬ ಗೆಳೆಯ ಬೇಕಲ್ಲ.

ಹೀಗಾಗಿ ಹೊಸ ಮೇಲ್ ಆಗಲೇಬೇಕಿತ್ತು.

"ದೊಡ್ಡ ಕಂಪನೀದು ಮಾಡಿಕೊಡ್ತೀನಿ ತಗೋರಿ ಕಾಕಾ. ಎಲ್ಲಾರೂ ಅದರಾಗೇ ಅದಾರ. ಫುಕಟ್ ಬ್ಯಾರೆ," ಎಂದಳು ಗೌಹರಬೇಗಂ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವ ಕಾಲ ಇದು. ಮೌನಪ್ಪ ಮಾತ್ರ ತಲೆ ಅಲ್ಲಾಡಿಸಿದ. "ಇದೂ ಫುಕಟ್ನೇ ಇತ್ತಲ್ಲವಾ. ಫುಕಟ್ ಮನ್ಯಾಗ ಇದ್ದವಗ ಹೊರಗ ಹೋಗಂದ್ರ ಕೇಳೋ ಹಕ್ಕೇ ಇರಂಗಿಲ್ಲ ನೋಡು. ನಮ್ಮವ್ವ ಪ್ಲಾಟು ಆರಿಸಿದಂಗ ಆರಿಸ್ಬೇಕು ಇದನ್ನ."

ಆ ಕಥೆ ಊರಿಗೆಲ್ಲ ಗೊತ್ತಿತ್ತು, ಆದರೂ ಅವನು ಹೇಳಿದ. ರಂಗಂಪೇಟೆಯ ಪಕ್ಕದಲ್ಲಿ ಹೊಸ ಊರಿಗೆ ಸುಣ್ಣದ ಗೆರೆ ಹಾಕಿ ಪ್ಲಾಟು ಹಂಚುವಾಗ ಅಧಿಕಾರಿ ರಸ್ತೆಯ ಮೇಲಿನ ಸಾಲು ತೋರಿಸಿ, ಇದನ್ನೇ ತೆಗೆದುಕೊಳ್ಳಿ, ಭಾರಿ ಬೆಲೆ ಬರುತ್ತದೆ ಎಂದನಂತೆ. ಮಂದಿ ನಾ ಮುಂದೆ ತಾ ಮುಂದೆ ಎಂದು ನುಗ್ಗಿದರು. ಬಾಲಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಕೇಳಿದಳು: "ಸಾಹೇಬ್ರ, ನೀರು ನಿಂತ್ರ ಯಾರ ಮನಿ ಬಾಗಲಾ ಬಡೀಬೇಕ್ರಿ? ನಾಳಿಗಿ ಇದನ್ನೂ ಬಿಟ್ಟು ಹೋಗ್ರಿ ಅಂದ್ರ ಬಂಡಿ ಹೊರಗ ಹೊಂಡಾಕ ದಾರಿ ಅದ ಏನ್ರಿ? ಹೋಗೋ ಬರೋ ಮಂದಿಗೆ ನಮ್ಮ ಒಲಿ ಮ್ಯಾಲಿನ ಗಡಿಗಿ ಕಾಣ್ತದೇನ್ರಿ?" ಅಧಿಕಾರಿ ನಕ್ಕ. ಅವಳು ಮೂರನೇ ಸಾಲಿನ ಪ್ಲಾಟು ಹಿಡಿದಳು. ಮುಂದೆ ರಸ್ತೆ ಅಗಲ ಮಾಡಿದಾಗ ಮೊದಲ ಸಾಲಿನವರ ಕಟ್ಟೆಗಳೆಲ್ಲ ಹೋದವು, ಬಾಲಮ್ಮನ ಕಟ್ಟೆಗೆ ಒಂದು ಗೀರೂ ಬೀಳಲಿಲ್ಲ.

"ಈ ಮೂರು ಮಾತು ಕಂಪನಿಯವ್ರಿಗೆ ಬರಿ ತಂಗಿ. ಪಾಸ್‌ವರ್ಡಿನ ಕೀಲಿ ಕಳದ್ರ ಯಾರಿಗೆ ಹೇಳ್ಬೇಕು? ಬಿಟ್ಟು ಹೋಗೂ ಮುಂದ ನನ್ನ ಕಾಗದೆಲ್ಲಾ ನನಗ ಕಟ್ಟಿ ಕೊಡ್ತೀರೇನು? ನನ್ನ ಕಾಗದದಾಗ ನೀವು ಹಣಿಕಿ ಹಾಕ್ತೀರೇನು?"

ಗೌಹರಬೇಗಂ ನಗುತ್ತಲೇ ನಾಲ್ಕು ಕಂಪನಿಗಳಿಗೆ ಬರೆದಳು. ಒಂದರಿಂದ ಉತ್ತರವೇ ಇಲ್ಲ. ಇನ್ನೊಂದರಿಂದ ಕಣ್ಣು ಮಿಟುಕಿಸುವುದರೊಳಗೆ ಬಂತು, ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯ ಎಂದು. ಅದನ್ನು ಬರೆದದ್ದು ಮನುಷ್ಯನಲ್ಲ, ಮಷೀನು. ಮೂರನೆಯವರು ನಲವತ್ತು ಪುಟದ ನಿಯಮ ಓದಿಕೊಳ್ಳಿ ಎಂದರು. ನಾಲ್ಕನೆಯದು ಹೆಸರು ಕೇಳದ ಸಣ್ಣ ಕಂಪನಿ. ಎರಡು ದಿನ ತಡೆದು ಒಬ್ಬ ಹೆಣ್ಣುಮಗಳು ತನ್ನ ಹೆಸರು ಹಾಕಿ ಮೂರಕ್ಕೂ ಉತ್ತರ ಬರೆದಿದ್ದಳು. ಕೀಲಿ ಕಳೆದರೆ ನನಗೇ ಬರೆಯಿರಿ, ನೀವು ನೀವೇ ಎಂದು ನೋಡಿಕೊಂಡು ತೆರೆದುಕೊಡುತ್ತೇವೆ. ನಿಮ್ಮ ಕಾಗದಗಳನ್ನು ಯಾವ ದಿನ ಬೇಕಾದರೂ ಒಟ್ಟಿಗೆ ಒಯ್ಯಬಹುದು. ಒಳಗೆ ಹಣಕುವುದಿಲ್ಲ, ಜಾಹೀರಾತು ಹಾಕುವುದಿಲ್ಲ, ಅದಕ್ಕೇ ವರ್ಷಕ್ಕೆ ಇಷ್ಟು ಎಂದು ಬಾಡಿಗೆ ತೆಗೆದುಕೊಳ್ಳುತ್ತೇವೆ.

"ಹಿಡಿ ಇದನ್ನ," ಎಂದ ಮೌನಪ್ಪ. "ಬಾಡಗಿ ಕೊಟ್ಟ ಮನ್ಯಾಗ ಮಾಲಕನ್ನ ಬೈಯಾಕರ ಬರ್ತದ."

ಏಪ್ರಿಲ್ ಕಳೆಯುವುದರೊಳಗೆ ಹೊಸ ವಿಳಾಸವಾಯಿತು. ಗೌಹರಬೇಗಂ ಹಳೆಯ ಕಾಗದಗಳನ್ನೆಲ್ಲ ಅಲ್ಲಿಗೆ ಸಾಗಿಸಿಕೊಟ್ಟಳು. ಭಾಗಣ್ಣನ ಚಿಂತೆಯೂ ಮೌನಪ್ಪನಿಗೆ ಇರಲಿಲ್ಲ. ಬೀಗ ಬೀಳುವುದು ಜೂನ್ ಹದಿನೈದಕ್ಕೆ, ಅಷ್ಟರಲ್ಲಿ ಕಾರ ಹುಣ್ಣಿಮೆ ಬಂದಿರುತ್ತದೆ, ಕಾಗದ ಬಂದ ಕೂಡಲೇ ಹೊಸ ವಿಳಾಸ ತಿಳಿಸಿದರಾಯಿತು. ಈ ಲೆಕ್ಕವನ್ನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದಾಗ ಚಂದಮ್ಮ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು.

"ನಿಮಗ ಬುದ್ಧಿ ಎಲ್ಲಿ ಅದರಿ? ಈ ವರ್ಷ ಅಧಿಕ ಮಾಸ ಅದ. ಅಳಿಯನ್ನ ಕರದು ಉಣ್ಣಸ್ಬೇಕಂತ ತಿಂಗಳಿಂದ ಬಡಕೊಳ್ಳಾಕತ್ತೀನಿ. ಕಾರ ಹುಣ್ಣಿಮಿ ಜೂನ್ ಕಡೀಕ ಹೋಗ್ಯದ."

ಮೌನಪ್ಪ ಗೋಡೆಯ ಕ್ಯಾಲೆಂಡರ್ ತಿರುವಿ ನೋಡಿದ, ಅವಳು ಹೇಳಿದ್ದು ಖರೆ. ಹುಣ್ಣಿಮೆಯ ದಿನ ಭಾಗಣ್ಣ ಬರೆಸುತ್ತಾನೆ, ಆ ಕಾಗದ ಮುಚ್ಚಿದ ಬಾಗಿಲಿಗೆ ಬಡಿದು ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಊರು ಬಿಟ್ಟ ದಿನವೂ ಹೀಗೇ ಆಗಿತ್ತು. ಬಂಡಿಗೆ ಬಾಗಿಲ ಚೌಕಟ್ಟು ಹೇರಿದರು, ತೊಲೆ ಹೇರಿದರು, ಬೀಸುಕಲ್ಲನ್ನೂ ಬಿಡಲಿಲ್ಲ. ಗೋಡೆಗಳು ಮಾತ್ರ ನಿಂತಿದ್ದವು, ನೀರು ಬರಲು ಇನ್ನೂ ತಿಂಗಳುಗಳಿದ್ದವು. ನಾವು ಇಂಥಲ್ಲಿಗೆ ಹೋಗಿದ್ದೇವೆ ಎಂದು ಇದ್ದಿಲಿನಿಂದ ಗೋಡೆಯ ಮೇಲೆ ಎರಡು ಸಾಲು ಬರೆದಿದ್ದರೆ, ಭಾಗಣ್ಣ ಹುಡುಕಿ ಬಂದಾಗ ಯಾರಿಂದಲಾದರೂ ಓದಿಸಿಕೊಳ್ಳುತ್ತಿದ್ದ. ಮೌನಪ್ಪ ಎಸ್ಸೆಸ್ಸೆಲ್ಸಿ ಓದಿದವನು, ಬರೆಯಲು ಬರುತ್ತಿತ್ತು, ಹೊಳೆಯಲಿಲ್ಲ. ಆ ನೋವು ಅವನನ್ನು ಇಷ್ಟು ವರ್ಷವೂ ತಿಂದಿತ್ತು.

ಮರುದಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದ. "ಅಂವ ಬರಸಿದ ಹದಿನಾಕು ಕಾಗದ ಅದಾವ ತಂಗಿ. ಹದಿನಾಕೂ ಬ್ಯಾರೆ ಬ್ಯಾರೆ ವಿಳಾಸದಿಂದ ಬಂದಾವ. ಎಲ್ಲಾದಕ್ಕೂ ಬರಿ. ಯಾರರ ಒಬ್ಬರು ಅವಗ ಮುಟ್ಟಸ್ತಾರ."

ಗೌಹರಬೇಗಂ ಅವನು ಹಿಂದೆ ಬರೆಸಿದ್ದ ಉತ್ತರಗಳನ್ನು ತೆರೆದು ನೋಡಿದಳು. ಅವೆಲ್ಲ ಇಲಾಖೆಯ ಆಫೀಸಿನಲ್ಲಿ ಕೂತು, ನಿವೃತ್ತನಾದ ಮೇಲೂ ಅಲ್ಲಿಗೇ ಹೋಗಿ ಬರೆಸಿದ್ದವು, ಅವಳು ನೋಡಿದ್ದು ಅದೇ ಮೊದಲು. ಒಂದನ್ನು ಓದಿದಳು, ಎರಡನೆಯದನ್ನು ಓದಿದಳು, ಆಮೇಲೆ ಮೆಲ್ಲಗೆ ಕೇಳಿದಳು:

"ಕಾಕಾ, ಇವೆಲ್ಲಾ ಕನ್ನಡದಾಗ ಅದಾವಲ್ರಿ. ಅಲ್ಲಿ ಅಂಗಡಿಯವ್ರು ಮರಾಠಿ ಮಂದಿ. ಅವರಿಗೆ ಕನ್ನಡ ಓದಾಕ ಬರ್ತದೇನ್ರಿ?"

ಮೌನಪ್ಪ ಪರದೆಯತ್ತ ಬಗ್ಗಿ ತನ್ನ ಉತ್ತರಗಳನ್ನು ನೋಡಿದ.

"ಟೈಪ್ ಮಾಡಿಸಿ ಭಾಗಣ್ಣ ಕಾಕಾ ಹೋಗಿಬಿಡ್ತಾರ. ನಿಮ್ಮ ಉತ್ತರ ಯಾರಿಗಂತ ಅಂಗಡಿಯವ್ರಿಗೆ ತಿಳೀಬೇಕಲ್ರಿ. ಭಾಗಣ್ಣ ಕಾಕಾಗ ನಿಮ್ಮದು ಒಂದೂ ಮುಟ್ಟಿಲ್ಲ ಅನಸ್ತದ."

ಕಲ್ಲೆದೆಯವನಲ್ಲ. ಭಾಗಣ್ಣನಿಗೆ ಗೊತ್ತೇ ಇರಲಿಲ್ಲ. ಸತ್ತ ಅವ್ವನ ಆರೋಗ್ಯ ಕೇಳುತ್ತಾ, ಓದುವವರಿದ್ದಾರೋ ಇಲ್ಲವೋ ತಿಳಿಯದ ಪೆಟ್ಟಿಗೆಗೆ, ಒಂದು ಉತ್ತರವೂ ಇಲ್ಲದೆ ಹದಿನಾಲ್ಕು ವರ್ಷ ಬರೆದಿದ್ದ. ಮೌನಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ, ಆ ಗೆಳೆಯನನ್ನು ಬೈದುಕೊಂಡದ್ದಕ್ಕೆ ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಗೌಹರಬೇಗಂ ಹಿಂದಿಯಲ್ಲಿ ಬರೆಯತೊಡಗಿದಳು. ನಿಮ್ಮಲ್ಲಿ ಕಾಗದ ಬರೆಸಿದ ಭಾಗಣ್ಣ ಎಂಬ ಬೋಟಿನವನಿಗೆ ಮೌನಪ್ಪನ ಮೇಲ್ ಬದಲಾಗಿದೆ ಎಂದು ದಯಮಾಡಿ ತಿಳಿಸಿ, ಹೊಸ ವಿಳಾಸ ಇದು, ಫೋನ್ ನಂಬರ್ ಇದು.

"ಅವ್ವನ ಸುದ್ದೀನೂ ಹಾಕ್ಲೇನ್ರಿ?"

"ಬ್ಯಾಡವಾ. ಅದನ್ನ ಪರರ ಬಾಯಿಲೆ ಕೇಳಬಾರದು ಅಂವ. ನಾನೇ ಹೇಳ್ತೀನಿ."

ಹದಿನಾಲ್ಕರಲ್ಲಿ ಒಂಬತ್ತು ಕಾಗದ ಅಂದೇ ವಾಪಸು ಬಂದವು. ಆ ವಿಳಾಸಗಳೇ ಈಗ ಇರಲಿಲ್ಲ. ನಾಲ್ಕಕ್ಕೆ ಉತ್ತರವಿಲ್ಲ. ಮೇ ತಿಂಗಳ ಕೊನೆಗೆ ಐಸ್ ಫ್ಯಾಕ್ಟರಿಯ ಗುಮಾಸ್ತನೊಬ್ಬ ಒಂದು ಸಾಲು ಬರೆದ: ಅಂಥವನು ನಮ್ಮಲ್ಲಿಗೆ ಬರುತ್ತಿದ್ದ, ಈಗ ಯಾವ ಬೋಟಿನಲ್ಲಿದ್ದಾನೋ, ಕಂಡರೆ ಹೇಳುತ್ತೇನೆ. ಮೌನಪ್ಪ ಆ ಒಂದು ಸಾಲನ್ನು ಹಿಡಿದುಕೊಂಡೇ ದಿನ ದೂಡಿದ. ಜೂನ್ ಹದಿನೈದು ಬಂತು, ಹಳೆಯ ಮೇಲಿಗೆ ಬೀಗ ಬಿತ್ತು.

ಕಾರ ಹುಣ್ಣಿಮೆಯ ಸಂಜೆ ಊರೆಲ್ಲ ಎತ್ತು ಓಡಿಸಲು ಸೇರಿತ್ತು. ಮೌನಪ್ಪ ಗೌಹರಬೇಗಂಳ ಅಂಗಡಿಯಲ್ಲಿದ್ದ. ಐದೂವರೆಗೆ ಅವಳು ಕೂಗಿದಳು, "ಕಾಕಾ, ಬಂತ್ರಿ!"

ಅದೇ ನಾಲಿಗೆ ಉಳುಕಿಸುವ ಅಕ್ಷರ. "ಮೌನ್ಯಾ, ಫ್ಯಾಕ್ಟರಿ ಬಾಬು ನಿನ್ನ ಹೊಸ ವಿಳಾಸ ಕೊಟ್ಟಾನ. ಫೋನ್ ಹಚ್ಚಿದ್ದೆ, ಅಳು ಬಂದು ಕಟ್ ಮಾಡಿದ್ನಿ. ಇಷ್ಟು ವರ್ಷ ನೀ ಓದ್ತೀಯೋ ಇಲ್ಲೋ ಗೊತ್ತಿರಲಿಲ್ಲ. ಓದ್ತಿದ್ದೀ ಅಂತ ಈಗ ಗೊತ್ತಾತು. ಬಾಬು ಬಾಜೂಕೇ ಕುಂತಾನ, ನೀ ಬರದ್ರ ಓದಿ ಹೇಳ್ತಾನಂತ. ಅವ್ವ ಹ್ಯಾಂಗದಾಳ?"

ಊರಿಗೆಲ್ಲ ಮಾತು ಸಾಲ ಕೊಡುವ ಮೌನಪ್ಪನಿಗೆ ಮೂರು ಸಾಲು ಹುಟ್ಟಿಸುವುದು ಕಷ್ಟವಾಯಿತು. ಅವನು ಹೇಳಿದ ಕನ್ನಡವನ್ನು ಗೌಹರಬೇಗಂ ಈ ಸಲ ಇಂಗ್ಲಿಷ್ ಅಕ್ಷರದಲ್ಲಿ, ಬಾಬು ಕೂಡಿಸಿಕೊಂಡು ಓದುವಂತೆ ಬಿಡಿಬಿಡಿಯಾಗಿ ಟೈಪ್ ಮಾಡಿದಳು. "ಅವ್ವ ಹೋಗಿ ಆರು ವರ್ಷಾತು, ಭಾಗ್ಯಾ. ನಿನ್ನ ಎಂಟು ಕಾಗದ ಓದಿಸಿ ಕೇಳ್ಯಾಳ. ಎಂಟೂ ಸಲ, ನನ್ನ ಮಗ ಬರದಾನ ಅಂತ ಓಣಿಗೆಲ್ಲಾ ಹೇಳಿಕೊಂಡು ಬಂದಾಳ."

ಕಳಿಸಿ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತರು. ಹೊರಗೆ ಕೇಕೆ, ಎತ್ತಿನ ಗೆಜ್ಜೆ. ಹತ್ತು ನಿಮಿಷಕ್ಕೆ, ಅವರಿಬ್ಬರ ಕಾಗದಗಳಲ್ಲಿ ಮೊದಲ ಸಲ, ಮೌನಪ್ಪ ಬರೆದದ್ದಕ್ಕೆ ಉತ್ತರ ಬಂತು.

"ಕೇಳಿದ್ನಿ. ಅತ್ನಿ. ಬಂದು ಅವ್ವನ ಮಣ್ಣಿಗೆ ಹಣಿ ಹಚ್ಚತೀನಿ. ಇಲ್ಲಿ ಬೋಟು ನಿಂತಾವ, ನಾಳಿಗೇ ಹೊಂಡತೀನಿ. ನಿನ್ನ ಮನಿಗೆ ದಾರಿ ಹ್ಯಾಂಗ, ಬರಿ."

ಮೌನಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಸುರಪುರದ ಬಸ್ ನಿಲ್ದಾಣದಿಂದ ರಂಗಂಪೇಟೆಯ ತನ್ನ ಮನೆಯ ಬಾಗಿಲಿನವರೆಗೆ, ಒಂದು ತಿರುವನ್ನೂ ಬಿಡದೆ ಹೇಳಿ ಬರೆಸಿದ.