ದಾರಿಗೂ ಒಂದು ಮೊದಲಿದೆ ಎಂದ ಅಕ್ಕಾರು

ಅಕ್ಕಾರ ಬಲ ಹೆಗಲು ಎಡ ಹೆಗಲಿಗಿಂತ ತಗ್ಗಾಗಿತ್ತು. ಸೆರಗು ಅಲ್ಲಿ ನಿಲ್ಲುತ್ತಿರಲಿಲ್ಲ. ಪಿನ್ನು ಹಾಕಿದರೆ ಪಿನ್ನಿನ ಸಮೇತ ಜಾರುತ್ತಿತ್ತು. ಸುವಾರ್ತೆಯ ಚೀಲ ಹೊತ್ತು ಹೊತ್ತು ಆ ಹೆಗಲು ಬಾಗಿತು ಎಂದು ಈಗ ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುತ್ತಾರಂತೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಜಗಳೂರಿನಿಂದ ಸೊಕ್ಕೆ ಕಡೆಗೆ ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರ್ ಹತ್ತಿ, ತಿರುವಿನಲ್ಲಿ ಟ್ರೇಲರಿನಿಂದ ಬಿದ್ದು, ಮುರಿದ ಮೂಳೆಗೆ ನಾಟಿ ವೈದ್ಯನೊಬ್ಬ ಬಿದಿರ ಪಟ್ಟಿ ಕಟ್ಟಿ ಸೊಟ್ಟಗೆ ಕೂಡಿಸಿದ ಹೆಗಲು ಅದು. ಅಕ್ಕಾರೇ ನಗುತ್ತಾ ಹೇಳಿದ್ದರು: "ದೇವರ ಕೆಲಸದಾಗೆ ಬಿದ್ರು ಅನ್ನಬ್ಯಾಡ ಕಣೇ. ಡ್ರೈವರು ಬೀಡಿ ಹಚ್ಚಾಕೆ ಹೋದ, ನಾನು ಬಿದ್ದೆ."

ಹೆಗಲಿನ ಕಥೆಯನ್ನು ಬೇಕಾದರೆ ಬಿಟ್ಟುಕೊಡುತ್ತೇನೆ. ಇನ್ನೊಂದನ್ನು ಬಿಡಲಾರೆ. ಅಕ್ಕಾರು ದಣಿದು ತಾವಾಗಿಯೇ ಸೇವೆಯಿಂದ ವಿಶ್ರಾಂತಿ ಪಡೆದರು ಎನ್ನುತ್ತಾರಲ್ಲ, ಅದು ಸುಳ್ಳು. ಅವರನ್ನು ತೆಗೆದರು. ಒಂದು ಪ್ರಶ್ನೆಗೆ ಉತ್ತರ ಕೊಟ್ಟದ್ದಕ್ಕೆ ತೆಗೆದರು. ಪ್ರಶ್ನೆ ಕೇಳಿದವಳು ನಾನು.

ಗೊತ್ತಿಲ್ಲದವರಿಗೆ ಹೇಳಬೇಕು: ಇವರದು ಚರ್ಚು ಕಟ್ಟದ, ಹೆಸರಿನ ಬೋರ್ಡು ಹಾಕದ ಕ್ರೈಸ್ತರ ಗುಂಪು. ತಮ್ಮದನ್ನು 'ದಾರಿ' ಎಂದಷ್ಟೇ ಕರೆದುಕೊಳ್ಳುತ್ತಾರೆ. ಸೇವಕರು ಮನೆ, ಮದುವೆ, ಆಸ್ತಿ ಬಿಟ್ಟು, ಇಬ್ಬಿಬ್ಬರಾಗಿ ಊರೂರು ತಿರುಗುತ್ತಾರೆ. ಸಂಬಳವಿಲ್ಲ. ನಂಬಿದವರ ಮನೆಯಲ್ಲಿ ಊಟ, ನಂಬಿದವರ ಮನೆಯಲ್ಲಿ ಚಾಪೆ. ಭಾನುವಾರದ ಕೂಟವೂ ಯಾರದೋ ಪಡಸಾಲೆಯಲ್ಲಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿನಲ್ಲಿ ಈ ದಾರಿಯನ್ನು ಮೊದಲು ನಡೆದವರು ಅಕ್ಕಾರು ಮತ್ತು ಅವರ ಜೊತೆಗಾತಿ. ನನ್ನ ಅಮ್ಮ ಆಗಿನ್ನೂ ಲಂಗ ಹಾಕುತ್ತಿದ್ದ ಕಾಲ.

ಮೊದಮೊದಲು ಜನ ಇವರನ್ನು ಏನೆಂದು ತಿಳಿದರು ಗೊತ್ತೇ? ಒಂದೇ ಥರದ ಬಿಳಿ ಸೀರೆ, ಹೆಗಲಿಗೆ ಚೀಲ, ಮನೆಮನೆಗೆ ಬರುವ ಇಬ್ಬರು ಹೆಂಗಸರು. ಸೊಕ್ಕೆಯಲ್ಲಿ "ಆಪರೇಷನ್ನೋರು ಬಂದ್ರು!" ಎಂದು ಕೂಗೆದ್ದು ಬಾಗಿಲುಗಳೆಲ್ಲ ಮುಚ್ಚಿದವಂತೆ. ಕುಟುಂಬ ಯೋಜನೆಯ ನರ್ಸುಗಳೆಂದು ಗಾಬರಿ. ಒಂದು ಬಾಗಿಲ ಹಿಂದಿನಿಂದ ಮುದುಕಿಯೊಬ್ಬಳು, "ನಂಗೆ ಮುಟ್ಟು ನಿಂತು ಯಾವ ಕಾಲಾತೋ, ನನ್ನ ಬಿಟ್ಬಿಡ್ರವ್ವಾ!" ಎಂದು ಬೇಡಿಕೊಂಡಳು. ಅಕ್ಕಾರು ಹೊರಗಿನಿಂದಲೇ, "ಬಿಟ್ವಿ ಬಿಡ್ರಿ. ಒಂದು ಚೊಂಬು ನೀರು ಕೊಡ್ರಿ" ಅಂದರು. ಆ ಮುದುಕಿಯ ಕಟ್ಟೆಯ ಮೇಲೆಯೇ ಅವರು ಈ ಸೀಮೆಯಲ್ಲಿ ಮೊದಲ ಸಲ ಮಾತಾಡಿದ್ದು.

ನ್ಯಾಮತಿಯಲ್ಲಿ ಮೊದಲು ಚಾಪೆ ಹಾಸಿಕೊಟ್ಟವಳು ನನ್ನ ಅಜ್ಜಿ. ಸಾಸ್ವೆಹಳ್ಳಿ ಹತ್ತಿರ ಹೊಳೆಯಲ್ಲಿ ಮುಳುಗಿ ದೀಕ್ಷೆ ಪಡೆದಳು; ಕೂಟ ನಮ್ಮ ಪಡಸಾಲೆಗೆ ಬಂತು. ಅಲ್ಲೊಂದು ಎಡವಟ್ಟಾಯಿತು. ಕೂಟದ ಕೊನೆಯಲ್ಲಿ, ಯೇಸುವಿನ ನೆನಪಿಗೆಂದು, ಒಣದ್ರಾಕ್ಷಿ ಕಿವುಚಿದ ರಸವನ್ನು ಒಂದೇ ಲೋಟದಲ್ಲಿ ಕೈಯಿಂದ ಕೈಗೆ ಕೊಟ್ಟು ಕುಡಿಯಬೇಕು. ನಮ್ಮವರಿಗೆ ಒಬ್ಬರ ಎಂಜಲು ಇನ್ನೊಬ್ಬರಿಗಾಗದಂತೆ ಎತ್ತಿ ಕುಡಿದು ರೂಢಿ. ಎಲ್ಲರೂ ಮುಖ ಮೇಲೆತ್ತಿ, ಲೋಟ ಗಾಳಿಯಲ್ಲಿ ಹಿಡಿದು, ಗಟಗಟ ಸುರಿದುಕೊಂಡರು. ಅರ್ಧ ರಸ ಸೀರೆಗಳ ಮೇಲೆ.

"ಎತ್ತಿ ಕುಡಿದ್ರೆ ಸೀರೆ ಕುಡಿತೈತೆ, ನೀವಲ್ಲ" ಅಂದರಂತೆ ಅಕ್ಕಾರು. ಅಷ್ಟೇ. ಆದರೆ ಮುಂದಿನ ಭಾನುವಾರ, ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಕೇರಿಯ ಹೆಂಗಸನ್ನು ಬಾಗಿಲ ಬಳಿಯಿಂದ ಎಬ್ಬಿಸಿ ತಮ್ಮ ಪಕ್ಕ ಕೂರಿಸಿಕೊಂಡರು. ಲೋಟ ಮೊದಲು ಅವಳಿಗೆ. "ತುಟಿ ಹಚ್ಚಿ ಕುಡೀರಿ." ಅವಳು ಕುಡಿದಳು. ಅದೇ ಅಂಚಿಗೆ ತುಟಿಯಿಟ್ಟು ಅಕ್ಕಾರು ಕುಡಿದರು. ಆಮೇಲೆ ಲೋಟ ಅಜ್ಜಿಯ ಕೈಗೆ.

"ಕುಡಿದೆ ಏನವ್ವ?" ಎಂದು ಎಷ್ಟೋ ವರ್ಷದ ಮೇಲೆ ನಾನು ಅಜ್ಜಿಯನ್ನು ಕೇಳಿದ್ದೆ.

"ಕುಡಿದೆ. ಕಷಾಯ ಕುಡಿದಂಗೆ ಕಣ್ಣು ಮುಚ್ಚಿ ಕುಡಿದೆ. ಕಣ್ಣು ಬಿಟ್ಟು ತೊಲೆ ನೋಡಿದೆ. ಮನೆ ಬಿದ್ದಿರಲಿಲ್ಲ."

ನಾನು ದೇವರನ್ನು ನಂಬುವವಳಲ್ಲ. ಆದರೆ ಸಮಾನತೆಯ ಬಗ್ಗೆ ವೇದಿಕೆ ಹತ್ತಿ ಬಹುಮಾನ ಗೆದ್ದ ನಾನು ಯಾರ ಕೈಯಲ್ಲೂ ಆ ಒಂದು ಗುಟುಕನ್ನು ಕುಡಿಸಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಕ್ಕಾರು ಸಂತಳಂತಿರಲಿಲ್ಲ. ಸಿಡುಕಿ. ಶ್ರುತಿಯ ಗೊಡವೆಯಿಲ್ಲದೆ ಹಾಡುತ್ತಿದ್ದರು. ಮಂಡಕ್ಕಿ ಮೆಣಸಿನಕಾಯಿ ಕಂಡರೆ ಪ್ರಾರ್ಥನೆ ಚುಟುಕಾಗುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ "ಯಾವ ಪಾರ್ಟಿರೀ ನಿಮ್ಮದು?" ಎಂದು ಛೇಡಿಸಿದರೆ, "ಸೀಟು ಕೊಡೋ ಪಾರ್ಟಿ ಅಲ್ಲಪ್ಪ, ನಿಂತು ಹೋಗೋ ಪಾರ್ಟಿ" ಎನ್ನುತ್ತಿದ್ದರು. ಯಾರಾದರೂ ಊರ ಸುದ್ದಿ ತಂದರೆ ಒಂದೇ ಮಾತು: "ಇದು ನಿಂಗೆ ಗೊತ್ತಾ, ಕೇಳಿದ್ದಾ?" ಗಾಳಿಸುದ್ದಿಯ ಹೆಂಗಸರು ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನಾನು ಆ ಮಾತನ್ನು ಕದ್ದೆ. ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಅದರಿಂದಲೇ ಕೆಡವಿದೆ.

ಆಮೇಲೆ ಆ ಸಂಜೆ. ನಾನು ಪಿಯುಸಿಯಲ್ಲಿದ್ದೆ. ಈ ಭಾಗದ ಸೇವಕರನ್ನೆಲ್ಲ ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವ ಹಿರಿಯಣ್ಣ ನಮ್ಮ ಮನೆಗೆ ಬಂದಿದ್ದರು. ಪಡಸಾಲೆ ತುಂಬಿತ್ತು. "ಉಳಿದ ಕ್ರೈಸ್ತ ಸಭೆಗಳನ್ನೆಲ್ಲ ಮನುಷ್ಯರು ಶುರು ಮಾಡಿದರು. ಈ ದಾರಿಯನ್ನು ಯಾರೂ ಶುರು ಮಾಡಲಿಲ್ಲ. ಯೇಸು ಶಿಷ್ಯರನ್ನು ಕರೆದ ಗಲಿಲಾಯದ ದಂಡೆಯಿಂದ ಕಡಿಯದೆ ನಡೆದು ಬಂದಿದೆ" ಎಂದರು ಹಿರಿಯಣ್ಣ. ಎಲ್ಲರೂ ತಲೆದೂಗಿದರು. ನಾನು ಹಿರಿಯಣ್ಣನನ್ನು ಕೇಳಲಿಲ್ಲ, ಅಕ್ಕಾರನ್ನು ಕೇಳಿದೆ.

"ಅಕ್ಕಾರೇ, ನಿಮಗೆ ಇದನ್ನ ಹೇಳಿದ್ದು ಯಾರು?"

"ಹಿರಿಯ ಸೇವಕಿ ಒಬ್ಬರು."

"ಅವರಿಗೆ?"

"ಹಡಗಿನಾಗೆ ಬಂದಿದ್ದ ಒಬ್ಬ ಬಿಳಿ ಅಣ್ಣ."

"ಅವರಿಗೆ?"

"ಸಾಕಮ್ಮ, ಪ್ರಾರ್ಥನೆ ಮಾಡೋಣ" ಎಂದರು ಹಿರಿಯಣ್ಣ.

ಅಕ್ಕಾರು ಜಾರಿದ ಸೆರಗನ್ನು ಎಳೆದುಕೊಂಡರು. "ತಡೀರಿ ಅಣ್ಣಾರ. ಹುಡುಗಿ ಕೇಳೈತೆ." ನನ್ನ ಕಡೆ ತಿರುಗಿದರು. "ನಿನ್ನ ಸರಪಳಿ ಗಲಿಲಾಯಕ್ಕೆ ಹೋಗಾಕಿಲ್ಲ. ಒಬ್ಬ ಮನುಷ್ಯನ ಹತ್ರ ನಿಲ್ತೈತೆ. ನಮ್ಮಜ್ಜನ ಕಾಲದೋನು. ಸಮುದ್ರದಾಚೆ ಒಂದು ಊರಾಗೆ ಅವನು ಇದನ್ನ ಶುರು ಮಾಡಿದ. ನಂಗೆ ಹೇಳಿಕೊಟ್ಟಾಕೆ ಸಾಯೋ ಮುಂದೆ ಇದನ್ನೂ ಹೇಳಿ ಸತ್ತಳು."

ಹಿರಿಯಣ್ಣ ಮೆಲ್ಲಗೆ, "ಇದನ್ನು ಹೇಳಬೇಕಿತ್ತೇ ಅಕ್ಕ?" ಎಂದರು.

"ಸುಳ್ಳು ಹೇಳಾಕೆ ನಾನು ಮನೆ ಬಿಟ್ಟು ಬರಲಿಲ್ಲ ಅಣ್ಣಾರ."

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕಾರ ಜೊತೆಗಾತಿಯನ್ನು ಬೇರೆ ಸೀಮೆಗೆ ಕಳಿಸಿದರು. ಅಕ್ಕಾರಿಗೆ ಯಾವ ಸೀಮೆಯೂ ಇಲ್ಲ. ಇದರ ಅರ್ಥ ತಿಳಿಯಬೇಕು. ಅಪ್ಪನ ಆಸ್ತಿ ಬರೆದುಕೊಟ್ಟು, ಮದುವೆ ಬೇಡವೆಂದು, ಹರೆಯವನ್ನೆಲ್ಲ ಧೂಳಿಗೆ ಹಾಕಿದ ಹೆಂಗಸಿಗೆ, ಮುಪ್ಪಿನಲ್ಲಿ, ನಂಬಿದವರ ಚಾಪೆ ಬಿಟ್ಟರೆ ಮಲಗಲು ಜಾಗವಿರಲಿಲ್ಲ. ಆ ಚಾಪೆಯನ್ನೇ ಸುತ್ತಿಡಲು ಹೇಳಿದರು. ಹಿರಿಯಣ್ಣ ಅಜ್ಜಿಗೆ ತಿಳಿಸಲು ಬಂದಾಗ ನಾನು ಅಲ್ಲೇ ನಿಂತಿದ್ದೆ.

"ಅಕ್ಕನವರಿಗೆ ವಿಶ್ರಾಂತಿ ಬೇಕಮ್ಮ."

"ಎಲ್ಲಿಗೆ ಹೋಗ್ತಾರೆ?"

"ಅಣ್ಣತಮ್ಮಂದಿರು ಇದ್ದಾರಲ್ಲ."

"ಮನೆ ಬಿಟ್ಟು ಬಾ ಅಂತ ಕರಕೊಂಡು ಬಂದೋರು ನೀವು. ಈಗ ಮನೆಗೆ ಹೋಗು ಅಂತೀರಾ? ಅಲ್ರೀ, ಯಾವ ಮನೆ?"

"ಅವರು ಇಲ್ಲೇ ಇದ್ದರೆ ಕೂಟ ಇಲ್ಲಿ ನಡೆಸುವುದು ಕಷ್ಟ."

ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. "ಕೂಟ ತಗಂಡೋಗ್ರಿ. ಅಕ್ಕಾರು ಇರ್ತಾರೆ."

ಕೂಟ ಎರಡು ಬೀದಿ ಆಚೆಗೆ ಹೋಯಿತು. ಅಕ್ಕಾರು ಉಳಿದರು. ಭಾನುವಾರ ಬೆಳಿಗ್ಗೆ ಅಜ್ಜಿ, ಅಕ್ಕಾರು, ಆ ಕೇರಿಯ ಹೆಂಗಸು, ಮೂವರೇ ಕೂತು ಲೋಟ ದಾಟಿಸುತ್ತಿದ್ದರು. ಎರಡು ಬೀದಿ ಆಚೆಯಿಂದ ಹಾಡು ಕೇಳಿಸುತ್ತಿತ್ತು. ಇವರು ಬೇರೆಯೇ ಹಾಡು ಹಾಡುತ್ತಿದ್ದರು, ಜೋರಾಗಿ, ಅಪಶ್ರುತಿಯಲ್ಲಿ.

ನನ್ನ ಪ್ರಶ್ನೆಯಿಂದಲೇ ಅವರಿಗೆ ಹೀಗಾಯಿತು, ನಾನು ಮರುಗಬೇಕು ಎನ್ನುವವರಿದ್ದಾರೆ. ಮರುಗುವುದಿಲ್ಲ. ಕೇಳಿದ್ದು ತಪ್ಪಲ್ಲ, ಹೇಳಿದ್ದೂ ತಪ್ಪಲ್ಲ. ತಪ್ಪು ಯಾರದೆಂದು ಉಳಿದವರೇ ಲೆಕ್ಕ ಹಾಕಲಿ.

ಆದರೂ ಅಕ್ಕಾರೊಂದಿಗೆ ಜಗಳವಾಡಿದ್ದೇನೆ. ಒಮ್ಮೆ ಚನ್ನಗಿರಿ ಕಡೆಯಿಂದ ಬರುವಾಗ ಸೂಳೆಕೆರೆಯ ಏರಿ ಮೇಲೆ ಇಳಿದೆವು. "ಮೂಲವೇ ಮನುಷ್ಯನದು ಅಂತ ಗೊತ್ತಾದ ಮೇಲೂ ನಂಬ್ತೀರಲ್ಲ, ಇದು ಹಟ ಅಲ್ವಾ?" ಎಂದೆ.

ಅವರು ನೀರಿನ ಕಡೆ ಕೈ ಮಾಡಿದರು. "ಇದನ್ನ ಕಟ್ಟಿಸಿದೋಳು ಯಾರು ಅಂತ ಹೇಳಾಕೆ ನಾಚಿಕೊಂಡು ಶಾಂತಿಸಾಗರ ಅಂತಾರೆ. ಗದ್ದೆಗೆ ಮಾತ್ರ ಇದೇ ನೀರು ಹಾಯಿಸ್ತಾರೆ. ನಂಗೆ ಕಟ್ಟಿಸಿದೋರ ಹೆಸರು ಹೇಳಾಕೆ ನಾಚಿಕೆ ಇಲ್ಲ, ನೀರು ಕುಡಿಯಾಕೂ ನಾಚಿಕೆ ಇಲ್ಲ."

ಆ ವಾದಕ್ಕೆ ನನ್ನಲ್ಲಿ ಪ್ರತಿವಾದವಿದೆ. ಕೆರೆಯ ನೀರು ಕಣ್ಣಿಗೆ ಕಾಣುತ್ತದೆ, ಅವರದು ಕಾಣುವುದಿಲ್ಲ. ಹೇಳಿದೆ ಕೂಡ. "ಬಾಯಾರಿಕೇನೂ ಕಾಣಾಕಿಲ್ಲ" ಎಂದು ಮೀನು ಮಾರುವವನ ಹತ್ತಿರ ಚೌಕಾಸಿಗೆ ಹೋದರು. ಆ ಸುತ್ತನ್ನು ನಾನು ಸೋತೆ ಎಂದು ಇವತ್ತಿಗೂ ಒಪ್ಪುವುದಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕಾರು ತೀರಿಕೊಂಡರು, ನಮ್ಮ ಮನೆಯಲ್ಲೇ. ಅವರದ್ದೆಂದು ಉಳಿದದ್ದು ಎರಡು ಸೀರೆ, ಒಂದು ಕನ್ನಡಕ, ಬೈಬಲ್ಲು. ಅಜ್ಜಿಯ ಹೊಲದ ಬದುವಿನಲ್ಲಿ ಗುಂಡಿ ತೋಡಿಸಿದೆವು. ಇಷ್ಟು ವರ್ಷ ನಮ್ಮ ಹೊಸ್ತಿಲು ತುಳಿಯದವರೆಲ್ಲ ಬಂದರು, ಹಿರಿಯಣ್ಣನೂ ಬಂದರು. ಅಜ್ಜಿ ತಡೆಯಲಿಲ್ಲ. ಮಣ್ಣು ಮುಚ್ಚುವ ಮೊದಲು ಹಿರಿಯಣ್ಣ ಮಾತಾಡಿದರು: ನಾಲ್ಕು ತಾಲ್ಲೂಕು ನಡೆದ ಪಾದಗಳು, ಭಾರ ಹೊತ್ತು ಬಾಗಿದ ಹೆಗಲು, ಕೊನೆಗೆ ದೇಹ ದಣಿದು ತಾವೇ ಬಯಸಿ ಪಡೆದ ವಿಶ್ರಾಂತಿ. ಯಾರೂ ಶುರು ಮಾಡದ ದಾರಿಯ ನಿಷ್ಠಾವಂತ ಸೇವಕಿ ಎಂದರು.

ಕೇರಿಯ ಆ ಹೆಂಗಸು, ಈಗ ಕೋಲೂರಿ ನಡೆಯುವ ಮುದುಕಿ, ಅಜ್ಜಿಯ ಕೈ ಹಿಡಿದು ನಿಂತಿದ್ದಳು. ಅವಳು ನನ್ನ ಮುಖ ನೋಡಿದಳು. ಸಾವಿನ ಮನೆಯಲ್ಲಿ ವಾದ ಮಾಡಬಾರದು ಎಂಬುದು ನನಗೂ ಗೊತ್ತು. ಆದರೆ ಆ ಮಣ್ಣಿನ ಜೊತೆ ಅಕ್ಕಾರ ಮಾತನ್ನೂ ಮುಚ್ಚುತ್ತಿದ್ದರು. ನಾನು ಗುಂಡಿಯ ಈಚೆ ಬದಿಯಲ್ಲಿದ್ದೆ, ಹಿರಿಯಣ್ಣ ಆಚೆ ಬದಿಯಲ್ಲಿ. ಎಲ್ಲರಿಗೂ ಕೇಳುವಂತೆಯೇ ಕೇಳಿದೆ:

"ಅಣ್ಣಾರ, ಅವತ್ತು ಅಕ್ಕಾರು ಹೇಳಿದ್ದು ನಿಮಗೂ ಮೊದಲೇ ಗೊತ್ತಿತ್ತಾ, ಇಲ್ವಾ?"