ಕೊಂಡಿ ಅಕ್ಕನ ಮುಕ್ಕಾಲು ಮಿಲಿಮೀಟರ್

ಬೆಳಗಿನ ಐದೂಮುಕ್ಕಾಲು. ಬೀದಿದೀಪಗಳು ಇನ್ನೂ ಆರಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪೂರ್ವದ ಕಿಟಕಿಗೆ ಒತ್ತಿಸಿದ ಮೇಜಿನ ಮುಂದೆ ಐವತ್ತೆರಡು ವರ್ಷದ ಮಹಿಳೆಯೊಬ್ಬರು ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಡಗೈಯ ಬೆರಳುಗಳ ನಡುವೆ ಬೆಂಕಿಪೊಟ್ಟಣಕ್ಕಿಂತ ತುಸು ಉದ್ದನೆಯ ಗೂಡ್ಸ್ ವ್ಯಾಗನ್ನು. ಬಲಗೈಯ ಚಿಮಟದ ತುದಿಯಲ್ಲಿ ಎಳ್ಳುಕಾಳಿನಷ್ಟಿರುವ ಸ್ಕ್ರೂ. ಮಡಿಲ ತುಂಬ ಬಿಳಿ ಟವೆಲ್ಲು ಹರಡಿಕೊಂಡು, ಅದರ ಎರಡು ತುದಿಗಳನ್ನು ಮೇಜಿನ ಅಂಚಿಗೆ ಪಿನ್ನು ಹೊಡೆದಿದ್ದಾರೆ. ಕೈಜಾರಿದ್ದೆಲ್ಲ ಅದರೊಳಕ್ಕೇ ಬೀಳಬೇಕು.

"ಟವೆಲ್ಲಿಗೆ ಬೀಳೋದು ದಿನಕ್ಕೆ ಮೂರೋ ನಾಲ್ಕೋ. ನೆಲಕ್ಕೆ ಬೀಳೋದು ವರ್ಷಕ್ಕೆ ಒಂದು," ಎನ್ನುತ್ತಾರೆ, ತಲೆ ಎತ್ತದೆ. "ಆ ಒಂದು ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ ಬಿಡಿ."

ಗಿರಾಕಿಗಳಿಗೆ ಇವರು ಕನ್ನಡಕದಮ್ಮ, ಮಾದರಿ ರೈಲು ಸಂಘದವರಿಗೆ ಕೊಂಡಿ ಅಕ್ಕ. ಸಂಘ ಇರುವುದು ವಾಚನಾಲಯದ ಮಹಡಿಯ ಮೇಲೆ. ಅಲ್ಲಿ ಭಾನುವಾರಗಳಂದು ದೊಡ್ಡ ಮೇಜಿನ ಮೇಲೆ ನ್ಯಾರೋಗೇಜ್ ರೈಲು ಓಡುತ್ತದೆ. ಎರಡು ಹಳಿಗಳ ನಡುವೆ ಒಂದು ಬೆರಳಿಟ್ಟರೆ ಮುಗಿಯಿತು, ಅಷ್ಟೇ ಅಗಲ. ನೋಡಲು ಬಂದವರು ಎಂಜಿನ್ನನ್ನು ಹೊಗಳುತ್ತಾರೆ, ಸುರಂಗವನ್ನು ಹೊಗಳುತ್ತಾರೆ, ಪ್ಲಾಸ್ಟಿಕ್ ಕುರಿಗಳನ್ನೂ ಹೊಗಳುತ್ತಾರೆ. ಒಂದು ವ್ಯಾಗನ್ನನ್ನು ಇನ್ನೊಂದಕ್ಕೆ ಹಿಡಿದಿಟ್ಟಿರುವ ಕೊಂಡಿಯ ಕಡೆ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ.

ಹೊಸ ವ್ಯಾಗನ್ನು ತಂದವರಿಗೆ ಅಕ್ಕ ಮೊದಲು ಮೂರು ಪ್ರಶ್ನೆ ಕೇಳುತ್ತಾರೆ. ಎಷ್ಟು ಕಡಿದಾದ ತಿರುವಿನಲ್ಲಿ ಓಡಬೇಕು? ಏರು ಹತ್ತಬೇಕಾ? ನಿಮಗೆ ತಾಳ್ಮೆ ಇದೆಯಾ? ಮೂರನೆಯದು ತಮಾಷೆಯಲ್ಲ. ಸರಪಳಿ ಕೊಂಡಿ ನೋಡಲು ಥೇಟ್ ನಿಜವಾದದ್ದರಂತೆಯೇ ಇರುತ್ತದೆ, ಆದರೆ ಪ್ರತಿ ಸಲವೂ ಚಿಮಟ ಹಿಡಿದು ಸಿಕ್ಕಿಸಬೇಕು. ಅಯಸ್ಕಾಂತದ ಕೊಂಡಿ ಹತ್ತಿರ ತಂದರೆ ಸಾಕು, ತಾನೇ ಅಂಟಿಕೊಳ್ಳುತ್ತದೆ. ಭಾರದ ರೈಲು ಏರು ಹತ್ತುವಾಗ ಅಷ್ಟೇ ಸಲೀಸಾಗಿ ಕೈಕೊಡುತ್ತದೆ. ಕುಣಿಕೆ ಕೊಂಡಿ ನೋಡಲು ಒರಟು, ಕೆಲಸದಲ್ಲಿ ನಂಬಿಕಸ್ಥ. ಸಂಘದ ಅಧ್ಯಕ್ಷರು ನಿವೃತ್ತ ದಂತವೈದ್ಯರು. ಜೀವಮಾನವಿಡೀ ಬೇರೆಯವರ ಬಾಯೊಳಗೆ ಕೈಯಿಟ್ಟು ಕೆಲಸ ಮಾಡಿದ ನನಗೆ ತಾಳ್ಮೆ ಇಲ್ಲವೇ ಎಂದು ಜಂಬದಿಂದ ಸರಪಳಿಯನ್ನೇ ಹಾಕಿಸಿಕೊಂಡು ಹೋದರಂತೆ. ಹದಿನೈದು ದಿನಕ್ಕೆ ವಾಪಸ್ಸು ಬಂದು ಕುಣಿಕೆಯ ಕಡೆ ಬೆರಳು ತೋರಿಸಿದರಂತೆ.

ಒಂದು ವ್ಯಾಗನ್ನಿಗೆ ಎರಡು ಕೊಂಡಿ, ಒಂದು ಕೊಂಡಿಗೆ ಎರಡು ಸ್ಕ್ರೂ. ಕೈ ಹದವಾಗಿದ್ದ ದಿನ ಅಂಗಡಿ ತೆರೆಯುವುದರೊಳಗೆ ನಾಲ್ಕು ವ್ಯಾಗನ್ನು ಮುಗಿಯುತ್ತವೆ. ಮೂವತ್ತೊಂದು ವರ್ಷದಿಂದ ಇದೇ ಬೆಳಗು, ಇದೇ ಕಿಟಕಿ. ಬಲಗೈ ಹೆಬ್ಬೆರಳು ಈಗ ಅರ್ಧ ಮರಗಟ್ಟಿದೆ. ಎರಡು ಕನ್ನಡಕ ಒಂದರ ಮೇಲೊಂದು ಏರಿಸಿಕೊಂಡು ಕೂರುತ್ತಾರೆ. ಕನ್ನಡಕ ಮಾರುವವರಿಗೆ ಈ ಒಂದು ಅನುಕೂಲವಾದರೂ ಬೇಡವೇ ಎಂದು ತಾವೇ ನಗುತ್ತಾರೆ.

ಇದೆಲ್ಲ ಶುರುವಾದದ್ದು ಅಪ್ಪನಿಂದ. ಅವರು ಹುಡುಗನಾಗಿದ್ದಾಗ ಮನೆಯ ಹಿಂದೆಯೇ ಪುಟ್ಟ ಗೂಡ್ಸ್ ರೈಲೊಂದು ಹಾಯುತ್ತಿತ್ತಂತೆ, ಹೆಂಚಿನ ಕಾರ್ಖಾನೆಗೆ ಮಣ್ಣು ಹೊತ್ತುಕೊಂಡು. ತಿರುವಿನಲ್ಲಿ ಅದು ಎಷ್ಟು ನಿಧಾನವಾಗುತ್ತಿತ್ತೆಂದರೆ ಓದುತ್ತಿದ್ದ ಪುಸ್ತಕ ಕೆಳಗಿಟ್ಟು, ಓಡಿ ಹೋಗಿ ಹತ್ತಿ, ಎರಡು ಬೀದಿ ದಾಟಿ ಇಳಿದು ಬರಬಹುದಿತ್ತು. ಆಮೇಲೆ ಲಾರಿಗಳು ಬಂದವು, ಹಳಿ ಕಿತ್ತರು, ಅದರ ಮೇಲೆ ರಸ್ತೆ ಹಾಕಿದರು. ಅಪ್ಪ ದೊಡ್ಡವರಾಗಿ ಕನ್ನಡಕದ ಅಂಗಡಿ ಇಟ್ಟರು, ಮದುವೆಯಾದರು, ಆದರೆ ಆ ರೈಲನ್ನು ಮಾತ್ರ ಮನಸ್ಸಿನಿಂದ ಕೆಳಗಿಳಿಸಲಿಲ್ಲ. ಅಂಗಡಿಯ ಕದ ಮುಚ್ಚಿದ ಮೇಲೆ ಚಹಾ ಪೆಟ್ಟಿಗೆಯ ಹಲಗೆ ಕೊಯ್ದು, ನೆನಪಿನಿಂದಲೇ ಒಂದೊಂದಾಗಿ ವ್ಯಾಗನ್ನು ಮಾಡಿದರು. ಒಟ್ಟು ಮೂವತ್ತೆಂಟು. ಮಗಳು ಸ್ಟೂಲಿನ ಮೇಲೆ ಕೂತು ಮರಳು ಕಾಗದ ಉಜ್ಜುತ್ತಿದ್ದಳು. ಆ ಮರದ ವಾಸನೆ, ಬೆಸುಗೆಯ ಹೊಗೆ, ಅಮ್ಮ ಬಾಗಿಲಲ್ಲಿ ನಿಂತು ಊಟ ಆರಿಹೋಗುತ್ತಿದೆ ಎಂದು ಮೂರನೇ ಸಲ ಕರೆಯುವುದು, ಎಲ್ಲವೂ ಈಗಲೂ ಅಕ್ಕನ ಮೂಗಿಗೆ, ಕಿವಿಗೆ ಹಾಗೆಯೇ ಬರುತ್ತವೆ. ಅದನ್ನು ಹೇಳುವಾಗ ಚಿಮಟ ಕೆಳಗಿಡುತ್ತಾರೆ.

ಅವರಿಗೆ ಇಪ್ಪತ್ತೊಂದು ಆಗಿದ್ದಾಗ ಅಪ್ಪನ ಕಣ್ಣು ಮಂಜಾಗತೊಡಗಿತು. ಊರಿಗೆಲ್ಲ ಕನ್ನಡಕ ಕೂರಿಸಿದವರಿಗೆ ಸರಿಹೊಂದುವ ಗಾಜು ಎಲ್ಲೂ ಸಿಗಲಿಲ್ಲ. ಮಗಳು ಕಾಲೇಜು ಅಷ್ಟಕ್ಕೇ ಬಿಟ್ಟು ಅಂಗಡಿಗೆ ಕೂತಳು. ಆಗ ಹೊಟ್ಟೆ ಉರಿದದ್ದು ಸುಳ್ಳಲ್ಲ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಅಂಗಡಿಯ ಜೊತೆಗೇ ಅಪ್ಪನ ಇನ್ನೊಂದು ಆಸ್ತಿಯೂ ಕೈಗೆ ಬಂತು: ಕಚ್ಚು ಕೊಯ್ದ ಒಂದು ಹಿತ್ತಾಳೆ ತುಂಡು. ಹಳಿಯಿಂದ ಕೊಂಡಿ ಎಷ್ಟು ಎತ್ತರದಲ್ಲಿರಬೇಕೋ ಅದರ ಅಳತೆ. ಸಂಘದ ಪ್ರತಿಯೊಂದು ವ್ಯಾಗನ್ನೂ ಆ ತುಂಡಿನ ಮುಂದೆ ನಿಂತೇ ಪಾಸಾಗಿದೆ.

ತೊಂದರೆ ಬಂದದ್ದು ಕಳೆದ ತಿಂಗಳು. ಪಕ್ಕದ ಊರಿನ ಸಂಘಕ್ಕೆ ಜಾಗ ತಪ್ಪಿಹೋಗಿ, ಅವರು ತಮ್ಮ ಅರವತ್ತು ವ್ಯಾಗನ್ನುಗಳ ಸಮೇತ ಇವರ ಜೊತೆ ಸೇರಿಕೊಂಡರು. ಮೊದಲ ಭಾನುವಾರವೇ ಎಡವಟ್ಟು. ಅವರ ಕೊಂಡಿ ಇವರದಕ್ಕೆ ಸಿಕ್ಕುತ್ತದೆ, ಏರು ಬಂದ ಕೂಡಲೇ ಕಳಚುತ್ತದೆ. ತಪ್ಪು ನಿಮ್ಮದು, ನಿಮ್ಮದು ಎಂದು ಮಾತಿಗೆ ಮಾತು ಬೆಳೆಯಿತು. ಕೊನೆಗೆ ದಂತವೈದ್ಯರು ಕಾರ್ಖಾನೆಯ ಅಳತೆಪಟ್ಟಿ ತರಿಸಿ ನೋಡಿದರು. ಇವರ ಕೊಂಡಿಗಳೇ ಮುಕ್ಕಾಲು ಮಿಲಿಮೀಟರ್ ತಗ್ಗು, ಒಂದೂ ಬಿಡದಂತೆ.

ತನ್ನ ಕೈಯೇ ಕೆಟ್ಟಿದೆ ಎಂದುಕೊಂಡ ಅಕ್ಕ ಮೂರು ಬೆಳಗು ಅಳೆದೇ ಅಳೆದರು. ಕೈ ಕೆಟ್ಟಿರಲಿಲ್ಲ, ಹಿತ್ತಾಳೆ ತುಂಡೇ ತಗ್ಗು. ಅದನ್ನು ಅಪ್ಪ ಕೊಯ್ದದ್ದು ತಾವು ಮೊಟ್ಟಮೊದಲು ಕೊಂಡ ಹಳೇ ವ್ಯಾಗನ್ನಿನ ಕೊಂಡಿ ನೋಡಿ. ಉಳಿದವನ್ನು ಮಾಡುವ ಮುಂಚೆ ಅವರಿಗೆ ಸಿಕ್ಕಿದ್ದ ಮಾದರಿ ಅದೊಂದೇ. ಅದನ್ನು ತಿರುವಿ ಹಾಕಿ ಗಾಲಿ ಅಳೆದಾಗ ಗುಟ್ಟು ರಟ್ಟಾಯಿತು. ಹಿಂದಿನ ಮಾಲೀಕ ಯಾವನೋ ಮುರಿದ ಗಾಲಿಗಳ ಜಾಗಕ್ಕೆ ಕೈಗೆ ಸಿಕ್ಕ ಸಣ್ಣ ಗಾಲಿ ತುರುಕಿದ್ದ. ಅವನ ಸೋಮಾರಿತನ ನಲವತ್ತೈದು ವರ್ಷ ಒಂದಿಡೀ ಸಂಘಕ್ಕೆ ಕಾನೂನಾಗಿಬಿಟ್ಟಿತ್ತು.

ಸ್ಕ್ರೂ ಹಾಕಿದ ವ್ಯಾಗನ್ನುಗಳದೇನೂ ಚಿಂತೆಯಿಲ್ಲ, ಬಿಚ್ಚಿ ಎತ್ತರಿಸಬಹುದು. ಈಗ ಬೆಳಗ್ಗೆ ಬೆಳಗ್ಗೆ ನಡೆಯುತ್ತಿರುವುದು ಅದೇ ಕೆಲಸ. ಆದರೆ ಅಪ್ಪ ತಮ್ಮ ಕೊಂಡಿಗಳನ್ನು ವ್ಯಾಗನ್ನಿನ ತುದಿಗೆ ಅಡ್ಡಲಾಗಿರುವ ಹಿತ್ತಾಳೆಯ ತೊಲೆಗೆ ಬೆಸೆದಿದ್ದಾರೆ. ಕಿತ್ತರೆ ತೊಲೆ ಮುರಿಯುತ್ತದೆ, ತೊಲೆಯ ಜೊತೆ ಹಲಗೆಯೂ ಸೀಳುತ್ತದೆ. ದೊಡ್ಡ ಗಾಲಿ ಹಾಕೋಣವೆಂದರೆ ತಳಕ್ಕೆ ಉಜ್ಜುತ್ತದೆ. ದಂತವೈದ್ಯರು ಕೆಟ್ಟವರೇನಲ್ಲ. ಹಿರಿಯರ ವ್ಯಾಗನ್ನುಗಳನ್ನು ಗಾಜಿನ ಬೀರುವಿನಲ್ಲಿ ಗೌರವವಾಗಿ ಇಟ್ಟುಬಿಡೋಣ, ಓಡಿಸುವುದು ಬೇಡ ಎಂದರು. ಆದರೆ ಈಗ ಏನೂ ಕಾಣದ ಎಂಬತ್ತಮೂರರ ಅಪ್ಪ ಇಡೀ ವಾರ ಕಾಯುವುದೇ ಅವು ಓಡುವ ಒಂದು ಗಂಟೆಗೆ.

ಅಪ್ಪನಿಗೆ ಹೇಳದೆ ವಿಧಿಯಿರಲಿಲ್ಲ. ಹೇಳಿದರು. "ನನ್ನ ಅಳತೆ ತಪ್ಪಲ್ಲ" ಎಂದವರೇ ಅಪ್ಪ ಮುಖ ಊದಿಸಿಕೊಂಡು ಕೂತರು. ಎರಡು ದಿನ ಎಲ್ಲದಕ್ಕೂ ಬರೀ ಹೂಂ, ಊಹೂಂ. ಅಷ್ಟರಲ್ಲಿ ಅಕ್ಕನಿಗೆ ಒಂದು ಉಪಾಯ ಹೊಳೆದಿತ್ತು: ಒಂದು ತುದಿಗೆ ಅಪ್ಪನ ಎತ್ತರದ ಕೊಂಡಿ, ಇನ್ನೊಂದು ತುದಿಗೆ ಹೊಸಬರ ಎತ್ತರದ್ದು ಇರುವ ಒಂದೇ ಒಂದು ವ್ಯಾಗನ್ನು. ಅದನ್ನು ನಡುವೆ ನಿಲ್ಲಿಸಿದರೆ ಎರಡೂ ಕಡೆಯವರು ತಮ್ಮ ತಮ್ಮ ಎತ್ತರದಲ್ಲೇ ಇರಬಹುದು. ಹೊಸದೊಂದನ್ನು ಮಾಡುತ್ತೇನೆ ಎಂದು ಊಟದ ಹೊತ್ತಿನಲ್ಲಿ ಹೇಳಿದರು. ಅಪ್ಪ ಅದಕ್ಕೂ ಹೂಂ ಎಂದರು.

ಮೂರನೇ ಬೆಳಗು ಅಪ್ಪ ಗೋಡೆ ತಡವುತ್ತಾ ಹಿಂದಿನ ಕೋಣೆಗೆ ತಾವೇ ಬಂದರು. ಕೈಯಲ್ಲಿ ಆ ಮೊದಲ ವ್ಯಾಗನ್ನು.

"ಹೊಸದು ಯಾಕಮ್ಮ? ಎಡವಟ್ಟು ಶುರುವಾಗಿದ್ದೇ ಇದರಿಂದ, ರಿಪೇರಿನೂ ಇದೇ ಮಾಡ್ಲಿ," ಎಂದರು. "ಒಂದು ಕಡೆ ಮುರಿದು ಅವರದ್ದು ಹಾಕು. ಇನ್ನೊಂದು ಕಡೆ ಮುಟ್ಟಬೇಡ."

ಆ ಹಳೇ ವ್ಯಾಗನ್ನಿನ ಕೊಂಡಿಯೂ ಹಿತ್ತಾಳೆಯ ತೊಲೆಗೇ ಬೆಸೆದದ್ದು, ಅಕ್ಕ ತೊಲೆ ಮುರಿದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಹಲಗೆ ಚಟ್ಟೆಂದಾಗ ಅವರ ಬೆರಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿಯಿತು. ಸೀಳಿದ ಜಾಗಕ್ಕೆ ಅಂಟು ಹಾಕಿ, ಹೊಸ ತೊಲೆ ಕೂರಿಸಿ, ಕಾರ್ಖಾನೆಯ ಪಟ್ಟಿಗೆ ಸರಿಯಾಗಿ ಕೊಂಡಿ ಹಾಕುವಷ್ಟರಲ್ಲಿ ನಾಲ್ಕು ಬೆಳಗು ಕಳೆದವು.

ಆ ಭಾನುವಾರ ಎಂಜಿನ್ನಿನ ಹಿಂದೆ ಅಪ್ಪನ ಹನ್ನೆರಡು, ಆಮೇಲೆ ಎರಡು ಎತ್ತರದ ಈ ವ್ಯಾಗನ್ನು, ಅದರ ಹಿಂದೆ ಹೊಸಬರ ಹನ್ನೆರಡು. ತಿರುವಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಅಪ್ಪ ಹಳಿಯ ಕಡೆ ಕಿವಿಗೊಟ್ಟು ಕೂತರು. ರೈಲು ಏರು ಹತ್ತಿತು, ತಿರುವು ಸುತ್ತಿತು, ಸುರಂಗ ಹೊಕ್ಕು ಹೊರಬಂತು. ಮೂರು ಸುತ್ತು. ಒಂದು ಕೊಂಡಿಯೂ ಕಳಚಲಿಲ್ಲ. ದಂತವೈದ್ಯರು ಬೀರುವಿನ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು ಎಂಜಿನ್ನಿನ ಬಣ್ಣದ ಬಗ್ಗೆ ಮಾತು ತೆಗೆದರು. ನಡುವಿನ ವ್ಯಾಗನ್ನು ಯಾವುದು ಎಂದು ಯಾರೂ ಕೇಳಲಿಲ್ಲ.

ಅಕ್ಕನಿಗೆ ದೊಡ್ಡ ಆಸೆಗಳೇನೂ ಇಲ್ಲ. ಅಪ್ಪನ ವ್ಯಾಗನ್ನುಗಳು ಗಾಜಿನ ಹಿಂದೆ ಹೊಳೆಯುತ್ತಾ ಕೂರುವುದು ಬೇಡ, ಓಡಿ ಓಡಿಯೇ ಸವೆಯಲಿ ಎನ್ನುತ್ತಾರೆ. ಆ ಭಾನುವಾರದ ಬಗ್ಗೆ ಕೇಳಿದರೆ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗುತ್ತಾರೆ.

"ರೈಲು ನಿಂತ ಮೇಲೆ ಅಪ್ಪ ನನ್ನ ಕೈ ಹಿಡ್ಕೊಂಡು ಕೇಳಿದ್ರು, 'ನಂದು ಎಲ್ಲಿ ಮುಗೀತು, ಅವರದ್ದು ಎಲ್ಲಿ ಶುರುವಾಯ್ತು? ಎಷ್ಟು ಕಿವಿ ಕೊಟ್ರೂ ಗೊತ್ತೇ ಆಗ್ಲಿಲ್ವಲ್ಲ' ಅಂತ. ನಾನು ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಅಪ್ಪ ನನ್ನ ಕೆಲಸ ಹೊಗಳಿದ್ದು ಅದೊಂದೇ ಸಲ. ಅದೂ ಹೊಗಳ್ತಾ ಇದೀನಿ ಅಂತ ಅವರಿಗೇ ಗೊತ್ತಿರಲಿಲ್ಲ."